ಸಹಾಯ ಬೇಕು: ಚಾಟಿ ಬೀಸುವಾಗ ಸೆಲ್ಫ್ ಟೈಮರ್‌ನಲ್ಲಿ ಫೋಟೋ ತೆಗೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಇಲ್ಲಿನ ದನಗಾಹಿಗಳ ಸ್ಟಾಕ್‌ವಿಪ್ ಬೀಸೋದನ್ನು ಕಲಿಯುತ್ತಿದ್ದೇನೆ. ಕಾಂಗರೂ ತೊಗಲಿನ ಹೆಣಿಗೆ, ತುದಿಯಲ್ಲಿ ನೈಲಾನ್ ದಾರದ ಕ್ರ್ಯಾಕರ್. ಅದು ಛಟೀರ್ ಎನ್ನುವ ಕ್ಷಣದ ಫೋಟೋ ಬೇಕು. ತೆಗೆಯೋರು ಯಾರೂ ಇಲ್ಲ, ಟ್ರೈಪಾಡೇ ಗತಿ.

ಕ್ಯಾಮೆರಾದಲ್ಲಿ 10 ಸೆಕೆಂಡ್ ಟೈಮರ್ ಇದೆ, ಆಮೇಲೆ ಸಾಲಾಗಿ 10 ಫೋಟೋ ತೆಗೆಯುತ್ತದೆ. ನಿಲ್ಲುವ ಜಾಗದಲ್ಲಿ ಕೋಲು ನೆಟ್ಟು, ಅದಕ್ಕೆ ಮ್ಯಾನುಯಲ್ ಫೋಕಸ್ ಮಾಡಿಟ್ಟರೆ ಮುಖವೇನೋ ಶಾರ್ಪ್ ಬರುತ್ತದೆ. ತಲೆನೋವು ಚಾಟಿಯ ತುದಿಯದ್ದು. ಸದ್ದು ಹುಟ್ಟುವಾಗ ಅದು ಶಬ್ದಕ್ಕಿಂತ ವೇಗವಾಗಿ ಓಡುತ್ತಿರುತ್ತದೆ, ಅಂದರೆ ಸೆಕೆಂಡಿಗೆ 340 ಮೀಟರ್ ದಾಟಿ. ಶಟರ್ 1/2000 ಸೆಕೆಂಡ್ ಇಟ್ಟರೂ ಅಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗೇಣು ಸರಿದುಬಿಡುತ್ತೆ!

ಸೌಂಡ್ ಟ್ರಿಗರ್ (ಸದ್ದು ಕೇಳಿದ ಕೂಡಲೇ ಫೋಟೋ ತೆಗೆಸುವ ಸಾಧನ) ಹಾಕಿ ಅಂತ ಗೆಳೆಯರೊಬ್ಬರು ಹೇಳಿದರು. ಮೂರು ಮೀಟರ್ ದೂರದ ಮೈಕ್‌ಗೆ ಸದ್ದು ಮುಟ್ಟೋಕೇ ಸುಮಾರು 9 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಆಟ ಮುಗಿದಿರುತ್ತೆ ಅಲ್ವಾ?

ಸಂಜೆ ಕತ್ತಲಲ್ಲಿ ಫ್ಲ್ಯಾಶ್ ಪವರ್ 1/64ಕ್ಕೆ ಇಳಿಸಿ ಬೆಳಕು ಮಿಂಚುವ ಹೊತ್ತು ಚಿಕ್ಕದು ಮಾಡಿದರೆ ತುದಿ ನಿಂತಂತೆ ಕಾಣುತ್ತಾ? ಇಲ್ಲಾ ವಿಡಿಯೋ ಮಾಡಿ ಫ್ರೇಮ್ ಆರಿಸೋದೇ ವಾಸಿಯಾ? ಮಾಡಿ ನೋಡಿದವರು ಹೇಳಿ. ರಿಮೋಟ್ ಮಾತ್ರ ಹೇಳಬೇಡಿ, ಎರಡೂ ಕೈಯಲ್ಲಿ ಚಾಟಿ ಇರುತ್ತೆ.