‘ಅರಸನ ಶಿಲಿಂಗ್ ಹಿಡಿದವನು’: ಈ ಮೂದಲಿಕೆಗೆ ಕನ್ನಡದ ಮಾತು ಯಾವುದು?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಸೇರಿದ ಐರಿಷರ ಬಗ್ಗೆ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಒಂದು ನುಡಿಗಟ್ಟಿನ ಹತ್ತಿರ ಬಂದು ಮೂರು ವಾರದಿಂದ ಲೇಖನಿ ನಿಂತುಬಿಟ್ಟಿದೆ. ಐರ್ಲೆಂಡಿನಲ್ಲಿ ಅಂಥವರನ್ನು ‘ಅರಸನ ಶಿಲಿಂಗ್ ತೆಗೆದುಕೊಂಡವನು’ ಎನ್ನುತ್ತಾರೆ. ಹಿಂದೆ ಸೇನೆಗೆ ಆಳು ಸೇರಿಸಲು ಊರೂರು ತಿರುಗುತ್ತಿದ್ದವನು ಒಂದು ಶಿಲಿಂಗ್ ನಾಣ್ಯವನ್ನು ಹುಡುಗನ ಅಂಗೈಗೆ ಹಾಕುತ್ತಿದ್ದ. ಹುಡುಗ ಅದನ್ನು ಹಿಡಿದರೆ ಕರಾರು ಆದಂತೆ. ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಿಂತುಹೋಯಿತು, ಮಾತು ಮಾತ್ರ ಉಳಿಯಿತು. 1914ರಲ್ಲಿ ಕಾಲಾಳು ಸಿಪಾಯಿಯ ದಿನದ ಮೂಲ ಸಂಬಳವೂ ಒಂದು ಶಿಲಿಂಗೇ ಆಗಿತ್ತು.

ಇಂಗ್ಲೆಂಡಿನಲ್ಲಿ ಈ ಮಾತಿಗೆ ‘ಸೈನ್ಯಕ್ಕೆ ಸೇರಿದ’ ಎಂಬುದಕ್ಕಿಂತ ಹೆಚ್ಚಿನ ಭಾರವಿಲ್ಲ. ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಐರ್ಲೆಂಡಿನಲ್ಲಿ ಅದು ಚುಚ್ಚುತ್ತದೆ. ಎಷ್ಟು ಚುಚ್ಚುತ್ತದೆ ಎಂಬುದು ನನಗೆ ತಿಳಿದದ್ದು ಮಗಳ ಮನೆಗೆಂದು ಡಬ್ಲಿನ್ನಿಗೆ ಹೋಗಿದ್ದಾಗ. ಪಕ್ಕದ ಮನೆಯ ಹಿರಿಯರೊಬ್ಬರು ಮೆಟ್ಟಿಲ ಕೆಳಗಿನ ಗೂಡಿನಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ತೋರಿಸಿದರು. ಒಳಗೆ ಫ್ಲಾನೆಲ್ ಬಟ್ಟೆಯ ತುಂಡಿನಲ್ಲಿ ಸುತ್ತಿದ ಮೂರು ಪದಕಗಳಿದ್ದವು. ಒಂದರ ರಿಬ್ಬನ್ ಎಳೆ ಎಳೆಯಾಗಿ ಬಿಚ್ಚಿಹೋಗಿತ್ತು. ಅವು ಅವರ ತಾತನವು. ‘ಮನೆಯಲ್ಲಿ ಯಾರೂ ಇವರ ಮಾತು ಎತ್ತುತ್ತಿರಲಿಲ್ಲ. ಶಿಲಿಂಗ್ ತೆಗೆದುಕೊಂಡಿದ್ದರಲ್ಲ’ ಎಂದು ದನಿ ತಗ್ಗಿಸಿ ಹೇಳಿ ಡಬ್ಬಿ ಮುಚ್ಚಿದರು. ನೂರು ವರ್ಷ ಕಳೆದರೂ ಆ ದನಿ ತಗ್ಗಿಯೇ ಇತ್ತು. ನನಗೆ ಕನ್ನಡದಲ್ಲಿ ಬೇಕಾಗಿರುವುದು ಆ ತಗ್ಗಿದ ದನಿ.

‘ದ್ರೋಹಿ’ ಎಂದರೆ ತೀರ್ಪು ಕೊಟ್ಟಂತಾಗುತ್ತದೆ. ‘ಕೂಲಿ ಸಿಪಾಯಿ’ ಎಂದರೆ ಹಣಕ್ಕಾಗಿ ಯಾರ ಪರವಾಗಿಯಾದರೂ ಬಡಿದಾಡುವವನು ಎಂದಾಗುತ್ತದೆ. ಇವರಾರೂ ಅಂಥವರಲ್ಲ. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಕಾರ್ಮಿಕ ಸಂಘ ಬಿಡದವರನ್ನು ತಿಂಗಳುಗಟ್ಟಲೆ ಕೆಲಸದಿಂದ ಹೊರಗಿಟ್ಟರು. ಮರುವರ್ಷ ಯುದ್ಧ ಬಂದಾಗ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ತುಂಬಿಕೊಂಡಿದ್ದ ಮನೆಗಳಿಂದ ಹುಡುಗರು ಎದ್ದು ಹೋದರು. ಹಸಿವಿಗಾಗಿ ಹೋದವರು ಮಾತ್ರವಲ್ಲ, ನಂಬಿ ಹೋದವರೂ ಇದ್ದರು. 1914ರ ಸೆಪ್ಟೆಂಬರಿನಲ್ಲಿ ವುಡನ್‌ಬ್ರಿಜ್ ಎಂಬ ಊರಿನಲ್ಲಿ ಐರಿಷ್ ನಾಯಕ ಜಾನ್ ರೆಡ್ಮಂಡ್ ತಮ್ಮ ಸ್ವಯಂಸೇವಕರಿಗೆ ರಣರಂಗ ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೂ ಹೋಗಿ ಎಂದು ಕರೆಕೊಟ್ಟರು. ಬ್ರಿಟನ್ನಿಗೆ ಈಗ ಹೆಗಲು ಕೊಟ್ಟರೆ ನಾಳೆ ಸ್ವಯಮಾಡಳಿತ ಕೈಗೆ ಬರುತ್ತದೆ ಎಂಬುದು ಅವರ ಲೆಕ್ಕ. ಆ ಯುದ್ಧದಲ್ಲಿ ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಐರಿಷರು ದುಡಿದರು. 1916ರ ಈಸ್ಟರ್ ವಾರದಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಿತು. ಅದರ ಮುಂದಾಳುಗಳನ್ನು ಗುಂಡಿಟ್ಟು ಕೊಂದ ಮೇಲೆ ಊರಿನ ಮನಸ್ಸೇ ತಿರುಗಿತು. ಹೂವು ಎರಚಿ ಕಳುಹಿಸಿದ ಬೀದಿಗೆ ಹಿಂದಿರುಗಿದವನು ತಲೆತಗ್ಗಿಸಿ ಬರಬೇಕಾಯಿತು.

ಕನ್ನಡದಲ್ಲಿ ತಡಕಿದಾಗ ಮೊದಲು ಕೈಗೆ ಸಿಕ್ಕಿದ್ದು ‘ಜೋಳವಾಳಿ’. ಹಳಗನ್ನಡ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರ ಜೋಳ ಉಂಡೆನೋ ಅವನಿಗಾಗಿ ಪ್ರಾಣ ಕೊಡುವ ಕಟ್ಟು ಅದು. ಎಂಥ ಚೆಂದದ ಪದ! ಆದರೆ ಇಲ್ಲಿಗೆ ತಂದಿಟ್ಟರೆ ಪೂರ್ತಿ ಉಲ್ಟಾ ಆಗುತ್ತದೆ. ನಮ್ಮ ಜೋಳವಾಳಿ, ಉಪ್ಪಿನ ಋಣ, ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ಗಾದೆ, ಎಲ್ಲವೂ ಉಂಡ ಮನೆಯ ಪಕ್ಷ ವಹಿಸುತ್ತವೆ. ಐರಿಷರ ಮೂದಲಿಕೆ ಹುಟ್ಟಿದ ಮನೆಯ ಪಕ್ಷ. ಒಡಹುಟ್ಟಿದವರು ಎದುರು ನಿಂತಿದ್ದಾರೆಂದು ತಿಳಿದಮೇಲೂ ಉಂಡ ಮನೆ ಬಿಡದ ಕರ್ಣನಿಗೆ ನಾವು ಕಣ್ಣೀರು ಸುರಿಸುತ್ತೇವೆ. ಡಬ್ಲಿನ್ನಿನ ಬೀದಿಯಲ್ಲಿ ಅವನಿಗೆ ಶಿಲಿಂಗ್ ಹಿಡಿದವನೆಂದೇ ಹೆಸರಾಗುತ್ತಿತ್ತು.

ಇದಕ್ಕೆ ತಿರುಗುಮುರುಗಾದ ಕಥೆಯೂ ಒಂದಿದೆ, ಅದು ನಡೆದದ್ದು ನಮ್ಮ ದೇಶದಲ್ಲಿ. 1920ರ ಜೂನ್‌ನಲ್ಲಿ ಜಲಂಧರದಲ್ಲಿದ್ದ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸಿಪಾಯಿಗಳು ತಮ್ಮ ನಾಡಿನಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿದ್ದ ದೌರ್ಜನ್ಯದ ಸುದ್ದಿ ಕೇಳಿ ಬಂದೂಕು ಕೆಳಗಿಟ್ಟರು. ಸೋಲನ್‌ನಲ್ಲಿದ್ದ ತುಕಡಿಗೂ ಅದು ಹಬ್ಬಿತು. ಅಲ್ಲಿ ಮುಂದೆ ನಿಂತ ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. 1970ರಲ್ಲಿ ಅವನ ಅಸ್ಥಿಯನ್ನು ಐರ್ಲೆಂಡಿಗೆ ಒಯ್ದು ಗೌರವದಿಂದ ಮಣ್ಣು ಮಾಡಿದರು. ನಮ್ಮ ಗಾದೆಯ ಅಳತೆಯಲ್ಲಿ ಅವನು ಉಪ್ಪಿನ ಋಣ ಮರೆತವನು, ಅವನ ಊರಿಗೆ ಹುತಾತ್ಮ. ಡಬ್ಲಿನ್ನಿನ ಆ ತಾತನೂ ಡೇಲಿಯೂ ಹಿಡಿದದ್ದು ಅದೇ ಶಿಲಿಂಗ್. ಆದ್ದರಿಂದ ಋಣದ ಪದ ಯಾವುದನ್ನು ತಂದರೂ ಅದು ನನ್ನ ಲೇಖನದ ಒಳಗೆ ನುಗ್ಗಿ ತಾನೇ ನ್ಯಾಯಾಧೀಶನಾಗಿ ಕೂರುತ್ತದೆ.

ಇನ್ನೊಂದು ದಾರಿ ‘ದಂಡಿಗೆ ಹೋದವನು’. ಬೆಂಗಳೂರಿನವರ ಬಾಯಲ್ಲಿ ಕಂಟೋನ್ಮೆಂಟ್ ಇಂದಿಗೂ ದಂಡು. ಐರಿಷ್ ಸಿಪಾಯಿಗಳು ಅಲ್ಲಿಯೂ ಇದ್ದರು. ಆದರೆ ಈ ಮಾತಿನಲ್ಲಿ ಕಳಂಕದ ಲವಲೇಶವೂ ಇಲ್ಲ. ಕೊಡಗಿನಲ್ಲಂತೂ ದಂಡಿಗೆ ಹೋಗುವುದು ಮನೆತನದ ಹೆಮ್ಮೆ. ಅದೇ ಅರಸನ ಸೇನೆಯಲ್ಲಿ 1919ರಲ್ಲಿ ಅಧಿಕಾರಿಯಾದ ಕಾರ್ಯಪ್ಪನವರು 1949ರಲ್ಲಿ ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ದಂಡನಾಯಕರಾದರು. ಐರ್ಲೆಂಡಿನಲ್ಲಿ ಆದದ್ದು ಬೇರೆ. ದಕ್ಷಿಣ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾದ 1922ರಲ್ಲಿ ಅಲ್ಲಿನ ಐದು ಐರಿಷ್ ಪದಾತಿ ರೆಜಿಮೆಂಟುಗಳು ವಿಸರ್ಜನೆಯಾದವು, ಅವುಗಳ ಬಾವುಟಗಳು ವಿಂಡ್ಸರ್ ಅರಮನೆಗೆ ಹೋದವು. ಹಳೆಯ ಸಿಪಾಯಿಗೆ ಹೊಸ ರಾಷ್ಟ್ರದಲ್ಲಿ ತನ್ನದೆನ್ನುವ ಪಡೆಯೂ ಉಳಿಯಲಿಲ್ಲ. ನಮ್ಮಲ್ಲಿ ಈ ಮೂದಲಿಕೆಗೆ ಸಿದ್ಧ ಪದ ಇಲ್ಲದಿರುವುದಕ್ಕೆ ಇದೇ ಕಾರಣ ಎಂದು ನನ್ನ ಅನಿಸಿಕೆ.

ಕೊನೆಗೆ ನಿಘಂಟು ತಿರುವುವಾಗ ‘ಸಂಚಕಾರ’ ಕಣ್ಣಿಗೆ ಬಿತ್ತು. ‘ಜೀವಕ್ಕೆ ಸಂಚಕಾರ’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ, ಕುತ್ತು ಎಂಬ ಅರ್ಥದಲ್ಲಿ. ಅದರ ಹಳೆಯ ಅರ್ಥ ಮುಂಗಡ ಹಣ, ವ್ಯಾಪಾರ ಕುದುರಿತು ಎಂಬುದಕ್ಕೆ ಗುರುತಾಗಿ ಕೈಯಲ್ಲಿಡುವ ಕಾಸು. ಸಂಸ್ಕೃತದ ‘ಸತ್ಯಂಕಾರ’ದ ತದ್ಭವ. ಅಂಗೈಗೆ ಬಿದ್ದ ಆ ಒಂದು ಶಿಲಿಂಗ್ ಮುಂಗಡವೂ ಹೌದು, ಕುತ್ತೂ ಹೌದು. ‘ಅರಸನ ಸಂಚಕಾರ ಹಿಡಿದವನು’ ಎಂದು ಬರೆದು ನೋಡಿದೆ, ಮೈ ಜುಮ್ಮೆಂದಿತು. ಆದರೆ ಮುಂಗಡದ ಅರ್ಥ ಇಂದಿನ ಓದುಗರ ಕಿವಿಗೆ ಬೀಳುತ್ತದೆಯೇ? ಅವರು ‘ಅರಸನಿಗೇ ಕುತ್ತು ತಂದವನು’ ಎಂದು ಓದಿಕೊಂಡರೆ ಎಲ್ಲ ಕೆಟ್ಟಿತು.

ಇದರ ಜೊತೆಗೇ ಎದ್ದ ಇನ್ನೊಂದು ತೊಡಕು. ಎರಡನೆಯ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತು. ಸುಮಾರು 5,000 ಐರಿಷ್ ಸೈನಿಕರು ತಮ್ಮ ಸೇನೆಯನ್ನು ಹೇಳದೆ ಕೇಳದೆ ಬಿಟ್ಟರು, ಅವರಲ್ಲಿ ಬಹಳಷ್ಟು ಮಂದಿ ಹಿಟ್ಲರನ ವಿರುದ್ಧ ಹೋರಾಡಲು ಬ್ರಿಟಿಷ್ ಪಡೆಗಳನ್ನು ಸೇರಿದರು. 1945ರಲ್ಲಿ ಸರ್ಕಾರ ಅವರನ್ನು ವಜಾ ಮಾಡಿ, ಏಳು ವರ್ಷ ಸರ್ಕಾರಿ ನೌಕರಿ ಸಿಗದಂತೆ ಮಾಡಿತು. ಜನ ಅದನ್ನು ಕರೆದದ್ದು ‘ಉಪವಾಸ ಕೆಡಹುವ ಆಜ್ಞೆ’ ಎಂದು. ಇವರಿಗೆ ಕನ್ನಡದಲ್ಲಿ ನಾವು ಕಣ್ಣು ಮುಚ್ಚಿ ಬಳಸುವ ಪದ ‘ಪಲಾಯನ ಮಾಡಿದವರು’. ಪಲಾಯನ ಎಂದರೆ ಯುದ್ಧಕ್ಕೆ ಬೆನ್ನು ತೋರಿಸುವುದು. ಇವರು ಓಡಿದ್ದು ಯುದ್ಧದ ಕಡೆಗೆ! 2013ರಲ್ಲಿ ಐರಿಷ್ ಸಂಸತ್ತು ಕಾನೂನು ಮಾಡಿ ಅವರ ಮೇಲಿನ ಕಳಂಕ ತೆಗೆಯಿತು. ಆ ಹೊತ್ತಿಗೆ ಅವರಲ್ಲಿ ಬಹುತೇಕ ಮಂದಿ ತೀರಿಕೊಂಡಿದ್ದರು. ಸದ್ಯಕ್ಕೆ ‘ಸೇನೆ ತೊರೆದವರು’ ಎಂದು ಬರೆದಿದ್ದೇನೆ. ಅನುಮತಿಯಿಲ್ಲದೆ ಹೋದರು ಎಂಬುದು ಅದರಲ್ಲಿ ಬರುವುದಿಲ್ಲ, ಆದರೆ ಹೇಡಿತನದ ಸುಳ್ಳಂತೂ ಇಲ್ಲ.

ಡಬ್ಲಿನ್ ಬಿಡುವ ಹಿಂದಿನ ದಿನ ಐಲೆಂಡ್‌ಬ್ರಿಜ್‌ನ ಸ್ಮಾರಕ ಉದ್ಯಾನಕ್ಕೆ ಹೋಗಿದ್ದೆ. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ರೂಪಿಸಿದ್ದು, ಮೂವತ್ತರ ದಶಕದ ಕೊನೆಗೆ ಸಿದ್ಧವಾದರೂ ದಶಕಗಳ ಕಾಲ ಪಾಳುಬಿದ್ದಿತ್ತು, 1988ರಲ್ಲಿ ಮತ್ತೆ ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಸುಮಾರು 49,000 ಮಂದಿಯ ಹೆಸರುಗಳನ್ನು ಎಂಟು ಸಂಪುಟಗಳಲ್ಲಿ ಅಚ್ಚು ಹಾಕಿಸಿ ಅಲ್ಲಿಟ್ಟಿದ್ದಾರೆ. 2011ರಲ್ಲಿ ಬ್ರಿಟನ್ನಿನ ರಾಣಿ ಅಲ್ಲಿ ತಲೆಬಾಗಿದಾಗ ನಮ್ಮ ನೆರೆಯ ಹಿರಿಯರು ಟಿವಿ ಮುಂದೆ ಕುಳಿತು ಅತ್ತರಂತೆ. ಪದಕದ ಡಬ್ಬಿ ಮಾತ್ರ ಮೆಟ್ಟಿಲ ಕೆಳಗೇ ಉಳಿಯಿತು.

ಬಳಗದಲ್ಲಿ ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ದನದ ಸಂತೆಯಲ್ಲಾಗಲಿ, ಜಮೀನಿನ ವ್ಯವಹಾರದಲ್ಲಾಗಲಿ ‘ಸಂಚಕಾರ’ವನ್ನು ಮುಂಗಡ ಎಂಬ ಅರ್ಥದಲ್ಲಿ ಯಾರಾದರೂ ಆಡುವುದನ್ನು ಕಿವಿಯಾರೆ ಕೇಳಿದ್ದೀರಾ? ಕೇಳಿದ್ದರೆ ಯಾವ ಊರು, ಯಾವ ಸಂದರ್ಭ, ಜೊತೆಗೆ ಯಾವ ಕ್ರಿಯಾಪದ: ಹಿಡಿ, ಕೊಡು, ಕಟ್ಟು? ಹಳ್ಳಿಯ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನೂ ಕೇಳಿ ತಿಳಿಸಿ.