ಮೂರು ಊರು, ಮೂರು ಥರದ ಟಿವಿ: ಅವ್ವನಿಗೆ ಚಂದನ ಚಾನೆಲ್ ಹಚ್ಚಿಕೊಡಬೇಕು, ದಾರಿ ಹೇಳಿ

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅವ್ವನಿಗೆ 74 ವಯಸ್ಸು. ಗದಗದ ಮನೆಗೆ ಬೀಗ ಹಾಕಿ ಎರಡು ವರ್ಷ ಆಯಿತು. ಈಗ ವರ್ಷದಲ್ಲಿ ನಾಲ್ಕು ತಿಂಗಳು ಡೊಂಬಿವಲಿಯಲ್ಲಿ ನನ್ನ ಹತ್ತಿರ, ನಾಲ್ಕು ತಿಂಗಳು ಪುಣೆಯ ಕೋಥ್ರೂಡ್‌ನಲ್ಲಿ ತಂಗಿ ಹತ್ತಿರ, ಉಳಿದ ನಾಲ್ಕು ತಿಂಗಳು ವಾಸ್ಕೋದಲ್ಲಿ ಅಣ್ಣನ ಹತ್ತಿರ ಇರುತ್ತಾಳೆ. ಹಗಲೆಲ್ಲ ಸುತ್ತ ಮರಾಠಿ, ಹಿಂದಿ, ಕೊಂಕಣಿ. ಸಂಜೆ ಹೊತ್ತು ಎರಡು ತಾಸು ಕನ್ನಡ ಕಿವಿಗೆ ಬಿದ್ದರೆ ಅವಳ ಮುಖವೇ ಬೇರೆ ಆಗುತ್ತೆ. ಅದಕ್ಕೇ ಮೂರೂ ಮನೆಯಲ್ಲಿ ಇಂಟರ್‌ನೆಟ್ ಮೇಲೆ ಕನ್ನಡ ಚಾನೆಲ್ ಬರುವ ಹಾಗೆ ಮಾಡೋಣ ಅಂತ ಕೂತೆವು. ಮೂರೂ ಕಡೆ ಮೂರು ಥರ ಕೆಟ್ಟಿದೆ.

ನಮ್ಮ ಮನೆಯದು ಟೈಜೆನ್ (ಸ್ಯಾಮ್‌ಸಂಗ್‌ನವರ ಸಾಫ್ಟ್‌ವೇರ್) ಟಿವಿ, 2016ರಲ್ಲಿ ತಗೊಂಡಿದ್ದು. ಹೋದ ವಾರ ಮಳೆಯಲ್ಲಿ ರಾತ್ರಿ ಕರೆಂಟ್ ಹೋಗಿ ಬಂತು. ಅಂದಿನಿಂದ ವೈಫೈ ಕನೆಕ್ಟ್ ಆಗಿದೆ ಅಂತ ತೋರಿಸುತ್ತೆ, ಆದರೆ ಯಾವ ಆ್ಯಪ್ ತೆರೆದರೂ ನೆಟ್‌ವರ್ಕ್ ದೋಷ ಅನ್ನುತ್ತೆ. ಫೋನ್‌ನಲ್ಲಿ ಎಲ್ಲ ಚೆನ್ನಾಗಿ ಓಡುತ್ತೆ.

ತಂಗಿ ಮನೆಯದು ವೆಬ್‌ಒಎಸ್ (ಎಲ್‌ಜಿಯವರ ಸಾಫ್ಟ್‌ವೇರ್) ಟಿವಿ. ಅಲ್ಲಿ ಆ್ಯಪ್‌ಗಳು ಓಡುತ್ತವೆ. ಆದರೆ ಫೋನ್‌ನಿಂದ ಟಿವಿಗೆ ಕಳಿಸೋಣ ಅಂದರೆ ಪಟ್ಟಿಯಲ್ಲಿ ಟಿವಿ ಹೆಸರೇ ಬರಲ್ಲ.

ಅಣ್ಣನ ಮನೆಯಲ್ಲಿ ಸ್ಮಾರ್ಟ್ ಅಲ್ಲದ ಹಳೆ ಟಿವಿ. ಅದಕ್ಕೆ ಸ್ಟ್ರೀಮಿಂಗ್ ಸ್ಟಿಕ್ (ಇಂಟರ್‌ನೆಟ್ ಆ್ಯಪ್ ಓಡಿಸುವ ಪುಟ್ಟ ಸಾಧನ) ಹಾಕಿದ್ದಾನೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಾನೇ ಆರಿ ಮತ್ತೆ ಶುರು ಆಗುತ್ತೆ.

ನಮ್ಮ ಇಂಟರ್‌ನೆಟ್‌ನವರಿಗೆ ಫೋನ್ ಮಾಡಿದರೆ 40 ಎಂಬಿಪಿಎಸ್ ವೇಗ ಸಾಲಲ್ಲ, ದೊಡ್ಡ ಪ್ಲಾನ್ ತಗೊಳ್ಳಿ ಅಂದರು. ತಗೋಬೇಕಾ? ಇಲ್ಲಾ ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಲಾ?

ಠಾಣೆ ವೈರ್‌ಮನ್

ಅಕ್ಕಾ, ರೀಸೆಟ್ ಮಾಡಬೇಡಿ. ಪ್ಲಾನ್ ಕೂಡ ಬದಲಿಸಬೇಡಿ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು. ನಿಮ್ಮ 40ರಲ್ಲಿ ಎರಡು ಟಿವಿ ಆರಾಮಾಗಿ ಓಡುತ್ತವೆ. ಮೂರು ಮನೆಯದ್ದು ಮೂರು ಬೇರೆ ಬೇರೆ ರೋಗ ಅನ್ನಿಸುತ್ತೆ. ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಮನೆಯದು. ಟಿವಿಯಲ್ಲಿ ಇವತ್ತಿನ ತಾರೀಖು ಎಷ್ಟು ತೋರಿಸುತ್ತೆ? ಅದೊಂದು ನೋಡಿ ಹೇಳಿ.

ಡೊಂಬಿವಲಿ ಅಕ್ಕ

ಅಯ್ಯೋ, ನೋಡೇ ಇರಲಿಲ್ಲ. 2016ರ ಜನವರಿ ಅಂತ ಇದೆ!

ಠಾಣೆ ವೈರ್‌ಮನ್

ಸಿಕ್ತು. ಇದಕ್ಕೂ ಇಂಟರ್‌ನೆಟ್‌ಗೂ ಏನು ಸಂಬಂಧ ಅಂತ ಅನ್ನಿಸಬಹುದು. ಹೇಳ್ತೀನಿ.

ಆ್ಯಪ್ ತೆರೆದಾಗ ಟಿವಿ ಮೊದಲು ಆ ಕಂಪನಿಯ ಸರ್ವರ್ ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡುತ್ತೆ. ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸುತ್ತೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತೆ ಅಂತ ಬರೆದಿರುತ್ತೆ. ನಿಮ್ಮ ಟಿವಿ ಲೆಕ್ಕದಲ್ಲಿ ಈಗ 2016. ಅದರ ಪ್ರಕಾರ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಬಾಗಿಲು ಹಾಕಿಕೊಳ್ಳುತ್ತೆ. ವೈಫೈ ಸರಿ ಇರುತ್ತೆ, ಯಾವ ಆ್ಯಪ್ ಕೂಡ ಒಳಗೆ ಹೋಗಲ್ಲ.

ಸೆಟ್ಟಿಂಗ್ಸ್‌ನಲ್ಲಿ ಜನರಲ್, ಸಿಸ್ಟಮ್ ಮ್ಯಾನೇಜರ್, ಟೈಮ್, ಕ್ಲಾಕ್ ಅಂತ ಹೋಗಿ. ಮೆನು ಒಂದೊಂದು ಮಾಡೆಲ್‌ನಲ್ಲಿ ಸ್ವಲ್ಪ ಆಚೀಚೆ ಇರುತ್ತೆ. ಕ್ಲಾಕ್ ಮೋಡ್ ಮ್ಯಾನುಯಲ್ ಇದ್ದರೆ ಆಟೋ ಮಾಡಿ. ಮ್ಯಾನುಯಲ್‌ನಲ್ಲಿದ್ದರೆ ಪ್ಲಗ್‌ನಲ್ಲಿ ಕರೆಂಟ್ ಹೋದ ಕೂಡಲೇ ಇಟ್ಟಿದ್ದ ಸಮಯ ಅಳಿಸಿ ಹೋಗುತ್ತೆ. ಆಮೇಲೆ ರಿಮೋಟ್‌ನ ಪವರ್ ಬಟನ್ ಒತ್ತಿ ಹಿಡಿದುಕೊಳ್ಳಿ. ಟಿವಿ ಆರಿ, ತಾನೇ ಮತ್ತೆ ಹೊತ್ತಿ, ಕಂಪನಿಯ ಹೆಸರು ಕಾಣುವ ತನಕ ಬಿಡಬೇಡಿ. ಸುಮ್ನೆ ಒಮ್ಮೆ ಒತ್ತಿದರೆ ಅದು ನಿದ್ದೆಗೆ ಹೋಗುತ್ತೆ ಅಷ್ಟೇ, ಪೂರ್ತಿ ಆರಲ್ಲ.

ಇಷ್ಟಾದರೂ ಬರದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ (ವೆಬ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ ನೋಡಿ.

ಡೊಂಬಿವಲಿ ಅಕ್ಕ

ಬಂತು!! ಡಿಎನ್‌ಎಸ್ ಮುಟ್ಟುವ ಹೊತ್ತೇ ಬರಲಿಲ್ಲ. ಮ್ಯಾನುಯಲ್ ಇತ್ತು. ಬೆಳಗ್ಗೆ ಟಿವಿ ತಾನೇ ಹೊತ್ತಲಿ ಅಂತ ಮಗ ಯಾವಾಗಲೋ ಹಾಗೆ ಮಾಡಿದ್ದನಂತೆ. ಒಂದು ವಾರ ಅವ್ವ ಗೋಡೆ ನೋಡ್ತಾ ಕೂತಿದ್ದಳು. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಚಿಂಚವಡ್ ಹುಡುಗ

ಮೇಡಂ, ಇಷ್ಟೆಲ್ಲ ತಲೆನೋವು ಯಾಕೆ? ಒಂದು ಎಂ3ಯು ಲಿಂಕ್ ಮಾರೋರು ಇದ್ದಾರೆ. ವರ್ಷಕ್ಕೆ ಸ್ವಲ್ಪ ದುಡ್ಡು ಕೊಟ್ಟರೆ ಎಲ್ಲ ಭಾಷೆಯ ಚಾನೆಲ್ ಬರುತ್ತೆ. ಮೂರೂ ಮನೆಗೆ ಒಂದೇ ಲಿಂಕ್.

ಠಾಣೆ ವೈರ್‌ಮನ್

ತಮ್ಮಾ, ನಿನ್ನ ಉದ್ದೇಶ ಒಳ್ಳೇದೇ. ಆದರೆ ಬೇಡ. ಎಂ3ಯು ಅಂದರೆ ಚಾನೆಲ್‌ಗಳ ವಿಳಾಸ ಬರೆದಿಟ್ಟ ಒಂದು ಪಟ್ಟಿ, ಅಷ್ಟೇ. ಪಟ್ಟಿಯಲ್ಲಿ ತಪ್ಪಿಲ್ಲ. ಚಾನೆಲ್‌ನವರೇ ಉಚಿತವಾಗಿ ಬಿಟ್ಟ ವಿಳಾಸ ಇದ್ದರೆ ಧಾರಾಳವಾಗಿ ನೋಡಬಹುದು. ಆದರೆ ದುಡ್ಡು ಕೊಟ್ಟು ನೋಡಬೇಕಾದ ಚಾನೆಲ್‌ಗಳನ್ನು ಕದ್ದು ಹಂಚುವ ಪಟ್ಟಿ ಕಾನೂನಿಗೆ ವಿರುದ್ಧ. ಇವತ್ತು ಬಂದದ್ದು ನಾಳೆ ಮಾಯ ಆಗುತ್ತೆ, ಕೇಳೋಕೆ ಯಾರೂ ಸಿಗಲ್ಲ. ಇನ್ನು ಅಂಥವರು ಕಳಿಸುವ ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್) ಹಾಕಿದರೆ ಅದರೊಳಗೆ ಏನು ಕೂತಿದೆ ಅಂತ ನಮಗೆ ಗೊತ್ತಾಗಲ್ಲ. ಅದೇ ವೈಫೈಯಲ್ಲಿ ನಿಮ್ಮ ಬ್ಯಾಂಕಿನ ಫೋನೂ ಇರುತ್ತೆ ಅಲ್ವಾ? ಮತ್ತೆ, ಟೈಜೆನ್ ಮತ್ತು ವೆಬ್‌ಒಎಸ್ ಆಂಡ್ರಾಯ್ಡ್ ಅಲ್ಲ. ಅವುಗಳಲ್ಲಿ ಎಪಿಕೆ ಓಡೋದೇ ಇಲ್ಲ. ಟಿವಿಯ ಸ್ಟೋರ್‌ನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಡಗಾಂವ್ ಕನ್ನಡಿಗ

ಅಕ್ಕಾ, ಚಂದನ ನೋಡೋಕೆ ಕದ್ದ ಪಟ್ಟಿಯ ಅಗತ್ಯವೇ ಇಲ್ಲ. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಇದೆ, ದೂರದರ್ಶನದ ಚಾನೆಲ್‌ಗಳು ಅದರಲ್ಲಿ ಲೈವ್ ಬರುತ್ತವೆ. ಅದು ಬಿಡುಗಡೆ ಆಗಿದ್ದೇ ನಮ್ಮ ಗೋವಾದಲ್ಲಿ, 2024ರ ನವೆಂಬರ್ 20ಕ್ಕೆ, ಅಂತಾರಾಷ್ಟ್ರೀಯ ಚಿತ್ರೋತ್ಸವ ಶುರುವಾದ ದಿನ. ಮೊದಲು ಟಿವಿಯ ಸ್ಟೋರ್‌ನಲ್ಲಿ ಹುಡುಕಿ. ಸಿಗದಿದ್ದರೆ ಯೂಟ್ಯೂಬ್‌ನಲ್ಲಿ ಚಂದನದ್ದೇ ಚಾನೆಲ್ ಇದೆ, ಬಹಳಷ್ಟು ಕಾರ್ಯಕ್ರಮ ಅಲ್ಲಿ ಸಿಗುತ್ತವೆ.

ಧಾರಾವಾಹಿ ಬೇಕಾದರೆ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿ. ಜೀ ಕನ್ನಡ ಜೀ5ನಲ್ಲಿ. ಉದಯ ಸನ್ ನೆಕ್ಸ್ಟ್‌ನಲ್ಲಿ. ಎಲ್ಲ ತಗೊಂಡರೆ ದುಡ್ಡು ಜಾಸ್ತಿ ಆಗುತ್ತೆ. ಅಮ್ಮ ನೋಡುವ ಧಾರಾವಾಹಿ ಯಾವುದರಲ್ಲಿದೆ ಅಂತ ಮೊದಲು ಅವರನ್ನೇ ಕೇಳಿ, ಅದೊಂದೇ ತಗೊಳ್ಳಿ. ಇನ್ನೊಂದು ವಿಷಯ. ಹಾಟ್‌ಸ್ಟಾರ್ ಮತ್ತು ಜಿಯೋಸಿನಿಮಾ 2025ರ ಫೆಬ್ರವರಿ 14ರಂದು ಒಂದಾದವು. ಟಿವಿಯಲ್ಲಿ ಇನ್ನೂ ಹಳೆ ಹೆಸರಿನ ಐಕಾನ್ ಇದ್ದರೆ ಅಪ್‌ಡೇಟ್ ಮಾಡಿಕೊಳ್ಳಿ.

ವಾಸ್ಕೋದ ಸ್ಟಿಕ್ ಬಗ್ಗೆ: ಅಣ್ಣನವರು ಸ್ಟಿಕ್‌ಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದಾರೆ?

ಡೊಂಬಿವಲಿ ಅಕ್ಕ

ಈಗಷ್ಟೇ ಕೇಳಿದೆ. ಟಿವಿ ಹಿಂದೆ ಇರುವ ಯುಎಸ್‌ಬಿ ತೂತಿಗೆ ಸಿಕ್ಕಿಸಿದ್ದಾನೆ. ಹತ್ತಿರ ಪ್ಲಗ್ ಇಲ್ಲವಂತೆ.

ಮಡಗಾಂವ್ ಕನ್ನಡಿಗ

ಅದೇ ಕಾರಣ ಇರಬೇಕು. ಹಳೆ ಟಿವಿಯ ಯುಎಸ್‌ಬಿ ಪೆನ್‌ಡ್ರೈವ್ ಹಾಕೋಕೆ ಇಟ್ಟಿದ್ದು. ಅದು ಅರ್ಧ ಆಂಪಿಯರ್ ಕೊಟ್ಟರೆ ಹೆಚ್ಚು. ಸ್ಟಿಕ್ ಜೊತೆ ಬರುವ ಅಡಾಪ್ಟರ್ ಸಾಮಾನ್ಯವಾಗಿ 1 ಆಂಪಿಯರ್‌ದು. ಸುಮ್ಮನೆ ಮೆನು ತೋರಿಸುವಾಗ ಅರ್ಧ ಸಾಕಾಗುತ್ತೆ. ವಿಡಿಯೋ ಓಡಿ, ವೈಫೈ ಎಳೆದು, ಚಿಪ್ ಬಿಸಿ ಆದಾಗ ಸಾಲಲ್ಲ. ಆಗ ಆರಿ ಹೊತ್ತುತ್ತೆ. ನನ್ನ ಅತ್ತೆ ಮನೆಯಲ್ಲಿ ಹೀಗೇ ಆಗಿ, ಸ್ಟಿಕ್ ಕೆಟ್ಟಿದೆ ಅಂತ ಇನ್ನೊಂದು ಕೊಂಡರು. ಅದೂ ಹಾಗೇ ಮಾಡಿತು. ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಸ್ಟಿಕ್‌ನದ್ದೇ ಅಡಾಪ್ಟರ್ ಹಾಕಿದ ಮೇಲೆ ಎರಡೂ ಸರಿಯಾಗಿದ್ದವು.

ಬಾಕ್ಸ್‌ನಲ್ಲಿ ಗೇಣುದ್ದ ಕೂಡ ಇಲ್ಲದ ಒಂದು ಎಚ್‌ಡಿಎಂಐ ಕೇಬಲ್ ತುಂಡು ಬಂದಿದ್ದರೆ ಎಸೆಯಬೇಡಿ. ಸ್ಟಿಕ್ ಟಿವಿಗೆ ಅಂಟಿಕೊಂಡರೆ ಹಿಂದಿನ ಲೋಹ ವೈಫೈಗೆ ಅಡ್ಡ ಬರುತ್ತೆ. ಆ ತುಂಡಿನಿಂದ ಸ್ವಲ್ಪ ಹೊರಗೆ ಬಂದು ಸಿಗ್ನಲ್ ಚೆನ್ನಾಗಿ ಸಿಗುತ್ತೆ, ಬಿಸಿಯೂ ಕಡಿಮೆ. ರೂಟರ್ ದೂರ ಇದ್ದರೆ 2.4 ಗಿಗಾಹರ್ಟ್ಸ್ ವೈಫೈ ಆರಿಸಿ, ಅದು ಗೋಡೆ ದಾಟುತ್ತೆ. ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್.

ಡೊಂಬಿವಲಿ ಅಕ್ಕ

ಅಣ್ಣ ಅಡಾಪ್ಟರ್ ಹಾಕಿದ. ನಿನ್ನೆ ರಾತ್ರಿ ಮೂರು ತಾಸು ಒಂದೇ ಸಮ ಓಡಿದೆಯಂತೆ. ಇನ್ನು ಉಳಿದಿದ್ದು ತಂಗಿ ಮನೆ. ಅವಳಿಗೆ ಇದರ ಗಂಧ ಗಾಳಿ ಇಲ್ಲ, ಫೋನ್‌ನಲ್ಲೇ ಹೇಳಿ ಮಾಡಿಸಬೇಕು.

ಠಾಣೆ ವೈರ್‌ಮನ್

ತಂಗಿಗೆ ಎರಡು ವಿಷಯ ಬರೆದು ಕಳಿಸೋಕೆ ಹೇಳಿ. ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿರುವ ಐಪಿ ನಂಬರ್, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ. ಫೋನ್‌ನ ವೈಫೈ ವಿವರದಲ್ಲಿರುವ ಐಪಿ ನಂಬರ್.

ಡೊಂಬಿವಲಿ ಅಕ್ಕ

ಟಿವಿ 192.168.1.14. ಫೋನ್ 192.168.0.105. ಇಂಟರ್‌ನೆಟ್‌ನವರು ಕೊಟ್ಟ ಪೆಟ್ಟಿಗೆ ಹಾಲ್‌ನಲ್ಲಿದೆ. ಬೆಡ್‌ರೂಮ್‌ಗೆ ಸಿಗ್ನಲ್ ಬರಲ್ಲ ಅಂತ ಭಾವ ಇನ್ನೊಂದು ರೂಟರ್ ತಂದು ಅದಕ್ಕೆ ಜೋಡಿಸಿದ್ದಾರೆ.

ಠಾಣೆ ವೈರ್‌ಮನ್

ಅಲ್ಲೇ ಇದೆ. ಚುಕ್ಕೆಗಳ ನಡುವಿನ ಮೂರನೇ ಸಂಖ್ಯೆ ನೋಡಿ: ಒಂದರಲ್ಲಿ 1, ಇನ್ನೊಂದರಲ್ಲಿ 0. ಟಿವಿ ದೊಡ್ಡ ಪೆಟ್ಟಿಗೆಯ ವೈಫೈಯಲ್ಲಿದೆ, ಫೋನ್ ಭಾವನವರ ರೂಟರ್‌ನಲ್ಲಿದೆ. ಒಂದೇ ಮನೆಯೊಳಗೆ ಎರಡು ಓಣಿ ಆಗಿವೆ. ಇಂಟರ್‌ನೆಟ್ ಎರಡಕ್ಕೂ ಬರುತ್ತೆ, ಆದರೆ ಈ ಓಣಿಯಲ್ಲಿ ಕೂಗಿದ್ದು ಆ ಓಣಿಗೆ ಕೇಳಿಸಲ್ಲ. ಕಾಸ್ಟ್ ಮಾಡುವಾಗ, ಅಂದರೆ ಟಿವಿಗೆ ಕಳಿಸುವಾಗ, ಫೋನ್ ಮಾಡೋದು ಅದೇ: ಇಲ್ಲಿ ಟಿವಿ ಯಾವುದಿದೆ ಅಂತ ಕೂಗೋದು.

ಇವತ್ತಿಗೆ ಬೇಕಾದರೆ ಫೋನನ್ನೂ ಹಾಲ್‌ನ ವೈಫೈಗೆ ಹಾಕಿ, ಟಿವಿ ಹೆಸರು ಕಾಣುತ್ತೆ. ಯೂಟ್ಯೂಬ್‌ಗೆ ಮಾತ್ರ ಅದೂ ಬೇಡ. ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಟಿವಿ ಕೋಡ್ ಬರುತ್ತೆ, ಅದನ್ನು ಫೋನ್‌ನಲ್ಲಿ ಹಾಕಿದರೆ ಬೇರೆ ನೆಟ್‌ವರ್ಕ್‌ನಿಂದಲೂ ಜೋಡಣೆ ಆಗುತ್ತೆ.

ಆದರೆ ಕಾಯಂ ಪರಿಹಾರವನ್ನೇ ಮಾಡಿಕೊಳ್ಳಿ ಅನ್ನೋದು ನನ್ನ ಆಸೆ. ಭಾವನವರ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆಪರೇಷನ್ ಮೋಡ್ ಇರುತ್ತೆ. ರೂಟರ್ ಅಂತ ಇರುವುದನ್ನು ಆಕ್ಸೆಸ್ ಪಾಯಿಂಟ್ ಮಾಡಿ. ಆಗ ಐಪಿ ಹಂಚುವ ಕೆಲಸ ದೊಡ್ಡ ಪೆಟ್ಟಿಗೆ ಒಂದೇ ಮಾಡುತ್ತೆ, ಮನೆಯೆಲ್ಲ ಒಂದೇ ಓಣಿ. ಒಂದು ಎಚ್ಚರಿಕೆ: ಮೋಡ್ ಬದಲಾದ ಮೇಲೆ ಆ ರೂಟರ್‌ನ ವಿಳಾಸವೂ ಬದಲಾಗುತ್ತೆ. ಹಳೆ ವಿಳಾಸ ತೆರೆಯಲಿಲ್ಲ ಅಂತ ಹೆದರಬೇಡಿ. ಗೆಸ್ಟ್ ವೈಫೈಗೆ ಟಿವಿ ಹಾಕಿದ್ದರೂ ಇದೇ ತೊಂದರೆ ಬರುತ್ತೆ, ಅದನ್ನೂ ನೋಡಿ.

ಡೊಂಬಿವಲಿ ಅಕ್ಕ

ಭಾನುವಾರ ಭಾವ ಕೂತು ಆಕ್ಸೆಸ್ ಪಾಯಿಂಟ್ ಮಾಡಿದರು. ಈಗ ಎರಡೂ ನಂಬರ್‌ನಲ್ಲಿ 1 ಇದೆ, ಟಿವಿ ಹೆಸರು ಕಾಣುತ್ತೆ.

ಒಂದೇ ಚಿಂತೆ. ಅವ್ವನಿಗೆ ಮೆನು ತಿರುಗಿಸಿ ಆ್ಯಪ್ ಹುಡುಕೋಕೆ ಆಗಲ್ಲ. ಕಣ್ಣು ಮಂಜು.

ಮಡಗಾಂವ್ ಕನ್ನಡಿಗ

ತಂಗಿ ಮನೆಯ ವೆಬ್‌ಒಎಸ್‌ನಲ್ಲಿ ಒಳ್ಳೆ ಸೌಲಭ್ಯ ಇದೆ. ರಿಮೋಟ್‌ನಲ್ಲಿ ಅಂಕಿ ಬಟನ್ ಇದ್ದರೆ, ಬೇಕಾದ ಆ್ಯಪ್ ತೆರೆದಿಟ್ಟು ಒಂದು ಅಂಕಿಯನ್ನು ಒತ್ತಿ ಹಿಡಿಯಿರಿ, ಆ ಆ್ಯಪ್ ಅಂಕಿಗೆ ಸೇರುತ್ತೆ. ಆಮೇಲೆ ಅದೇ ಅಂಕಿ ಒತ್ತಿ ಹಿಡಿದರೆ ನೇರ ತೆರೆಯುತ್ತೆ. ಟೈಜೆನ್‌ನಲ್ಲಿ ಮತ್ತು ಸ್ಟಿಕ್‌ನಲ್ಲಿ ಆ ಆ್ಯಪ್ ಅನ್ನು ಸಾಲಿನ ಮೊದಲಿಗೆ ಸರಿಸಿಡಿ. ವಾಸ್ಕೋ ಟಿವಿಯಲ್ಲಿ ಎಚ್‌ಡಿಎಂಐ ಸಿಇಸಿ (ಒಂದೇ ರಿಮೋಟ್‌ನಿಂದ ಎರಡೂ ಸಾಧನ ನಡೆಸುವ ಸೌಲಭ್ಯ) ಇದ್ದರೆ ಆನ್ ಮಾಡಿ. ಅದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ: ಎನಿನೆಟ್ ಪ್ಲಸ್, ಸಿಂಪ್‌ಲಿಂಕ್, ಬ್ರಾವಿಯಾ ಸಿಂಕ್. ಸ್ಟಿಕ್‌ನ ರಿಮೋಟ್ ಒತ್ತಿದರೆ ಟಿವಿಯೂ ಹೊತ್ತಿಕೊಳ್ಳುತ್ತೆ, ಎರಡು ರಿಮೋಟ್ ಹಿಡಿಯೋದು ತಪ್ಪುತ್ತೆ.

ಡೊಂಬಿವಲಿ ಅಕ್ಕ

ಮಾಡಿಸಿದೆ. ಕೋಥ್ರೂಡ್ ರಿಮೋಟ್‌ನ 5ರ ಮೇಲೆ ತಂಗಿ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದಾಳೆ, ಅವ್ವನಿಗೆ ಕಾಣಲಿ ಅಂತ. ಅವ್ವ ದೀಪಾವಳಿ ಮುಗಿಸಿ ಅಲ್ಲಿಗೆ ಹೋಗುತ್ತಾಳೆ. ಇಲ್ಲಿ ನಮ್ಮ ಮನೆಯಲ್ಲಿ ನಿನ್ನೆ ಮೊದಲ ಸಲ ಯಾರನ್ನೂ ಕರೆಯದೆ ತಾನೇ ಟಿವಿ ಹಚ್ಚಿಕೊಂಡು ಕೂತಿದ್ದಳು. ನಾನು ಅಡುಗೆಮನೆಯಿಂದ ಬಂದು ನೋಡಿದರೆ ಚಂದನದಲ್ಲಿ ವಾರ್ತೆ ಓಡುತ್ತಿತ್ತು.