ಕರೆಂಟು ಹೋಗಿ ಬಂದ ಮೇಲೆ ಡಿಸ್ಕಿಗೆ ಏನನ್ನೂ ಬರೆಯಲಾಗುತ್ತಿಲ್ಲ

ಪ್ರಶ್ನೆ: ನನ್ನ ಜೆರಾಕ್ಸ್ ಅಂಗಡಿಯ ಹಳೆಯ ಡೆಬಿಯನ್ (ಲಿನಕ್ಸ್) ಕಂಪ್ಯೂಟರ್, ಡಿಸ್ಕಿನ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4. ನಿನ್ನೆ ಎರಡು ಸಲ ಕರೆಂಟು ಹೋಯಿತು. ಈಗ ಆನ್ ಮಾಡಿದ ಹತ್ತು ನಿಮಿಷಕ್ಕೆ ಡಿಸ್ಕ್ ಓದಲು ಮಾತ್ರ ಸಿಗುತ್ತದೆ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಲಾಗ್‌ನಲ್ಲಿ ‘ಜರ್ನಲ್ ಅಬಾರ್ಟೆಡ್’, ಅಂದರೆ ಜರ್ನಲ್ ನಿಂತುಹೋಯಿತು ಎಂದಿದೆ. ಡಿಸ್ಕಿನ ಬದಲಾವಣೆಗಳನ್ನು ಮೊದಲೇ ಬರೆದಿಡುವ ಈ ಜರ್ನಲ್ ಇರುವುದೇ ಇಂಥ ಹೊತ್ತಿಗಲ್ಲವೇ? ಗಿರಾಕಿಗಳ ಲಗ್ನಪತ್ರಿಕೆಗಳೆಲ್ಲ ಅದರಲ್ಲೇ ಇವೆ.

ಉತ್ತರ 1: ಡಿಸ್ಕ್ ಮೌಂಟ್ ಆಗಿರುವಾಗ (ಬಳಕೆಯಲ್ಲಿರುವಾಗ) ಅದನ್ನು ತಪಾಸಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಬೇಡಿ, ಇದ್ದದ್ದೂ ಹೋದೀತು. ಮೊದಲು ಲಗ್ನಪತ್ರಿಕೆಗಳನ್ನು ಬೇರೆ ಡಿಸ್ಕಿಗೆ ನಕಲಿಸಿ. ಆಮೇಲೆ ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿ, ಇಎಕ್ಸ್‌ಟಿ4ರ ಎಫ್‌ಎಸ್‌ಸಿಕೆಯಾದ ‘ಇ2ಎಫ್‌ಎಸ್‌ಸಿಕೆ -ಎಫ್’ ಕೊಡಿ. ಅಂದ ಹಾಗೆ, ಸಾಮಾನ್ಯವಾಗಿರುವ ‘ಆರ್ಡರ್ಡ್’ ಕ್ರಮದಲ್ಲಿ ಜರ್ನಲ್‌ಗೆ ಹೋಗುವುದು ಮೆಟಾಡೇಟಾ (ಫೈಲಿನ ಹೆಸರು, ಜಾಗ ಮುಂತಾದ ವಿವರ) ಮಾತ್ರ, ಫೈಲಿನ ಒಳಗಿನ ಬರಹವಲ್ಲ.

ಉತ್ತರ 2: ಪ್ರತಿ ಸಲವೂ ಮರುಕಳಿಸುತ್ತಿದ್ದರೆ ಜರ್ನಲ್ ಮೇಲೆ ಸಿಟ್ಟಾಗಬೇಡಿ. ಜರ್ನಲ್‌ಗೆ ಬರೆಯಲಾಗದೆ ಕರ್ನಲ್ ಕೈಚೆಲ್ಲಿರಬಹುದು. ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’ ನೋಡಿ. ಸಿಆರ್‌ಸಿ ದೋಷಗಳ (ದತ್ತಾಂಶ ಸಾಗುವಾಗ ಆಗುವ ತಪ್ಪುಗಳ) ಎಣಿಕೆ ಏರುತ್ತಿದ್ದರೆ ಮೊದಲು ಕೇಬಲ್ ಮೇಲೆ ಅನುಮಾನಪಡಿ. ಪೆಂಡಿಂಗ್ ಸೆಕ್ಟರ್‌ಗಳು (ಓದಲಾಗದ ಅನುಮಾನಾಸ್ಪದ ಜಾಗಗಳು) ಹೆಚ್ಚುತ್ತಿದ್ದರೆ ಡಿಸ್ಕನ್ನೇ ಬದಲಿಸಿ.

ಪ್ರಶ್ನೆ ಕೇಳಿದವನು: ಸಿಆರ್‌ಸಿ 412! ಪೆಂಡಿಂಗ್ ಸೊನ್ನೆ. ಡಿಸ್ಕನ್ನು ಜೋಡಿಸುವ ಸಾಟಾ ಕೇಬಲ್ ಬಿಚ್ಚಿದರೆ ಇಲಿಯ ಹಲ್ಲಿನ ಗುರುತು. ಪಾಪ, ಕರೆಂಟಿನವರನ್ನು ಸುಮ್ಮನೆ ಬೈದೆ. ಹೊಸ ಕೇಬಲ್ ಹಾಕಿ ಇ2ಎಫ್‌ಎಸ್‌ಸಿಕೆ ಓಡಿಸಿದೆ. ಎರಡು ದಿನದಿಂದ ಎಣಿಕೆ 412ರಲ್ಲೇ ನಿಂತಿದೆ. ಅದು ಸೊನ್ನೆಗೆ ಇಳಿಯುವುದಿಲ್ಲವೇ?

ಉತ್ತರ 2: ಇಳಿಯುವುದಿಲ್ಲ. ಏರದಿದ್ದರೆ ಸಾಕು.